ಕೋಲಾರದ ಹಳೆಪೇಟೆಯಲ್ಲಿ ದಿನಬಾಡಿಗೆ ಮನೆ: ಹುಡುಕುವುದರಿಂದ ಕೀಲಿ ಹಿಂದಿರುಗಿಸುವವರೆಗೆ

ಮದುವೆಗೋ, ದೇವಸ್ಥಾನಗಳನ್ನು ನೋಡುವುದಕ್ಕೋ, ಅಜ್ಜನ ಊರನ್ನು ಮಕ್ಕಳಿಗೆ ತೋರಿಸುವುದಕ್ಕೋ ಕೋಲಾರಕ್ಕೆ ಬರುವವರು ಕೇಳುವ ಪ್ರಶ್ನೆ ಒಂದೇ. "ಲಾಡ್ಜ್ ಬೇಡ. ಅಡುಗೆಮನೆ ಇರುವ, ಮೂರು ನಾಲ್ಕು ದಿನಕ್ಕೆ ಕೈಗೆಟಕುವ ಬಾಡಿಗೆಯ ಮನೆ ಊರೊಳಗೇ ಹೇಗೆ ಹಿಡಿಯುವುದು?" ಆರು ಜನರ ಕುಟುಂಬ ಎರಡು ಮೂರು ರೂಮು ಮಾಡುವುದಕ್ಕಿಂತ ಒಂದು ಮನೆ ಹಿಡಿದರೆ ಖರ್ಚು ಕಡಿಮೆ. ವಯಸ್ಸಾದವರಿಗೆ ಹೊತ್ತಿಗೆ ಸರಿಯಾಗಿ ಗಂಜಿ, ಮುದ್ದೆ ಸಿಗುತ್ತದೆ, ಮಕ್ಕಳು ಒಂದೇ ಸೂರಿನಡಿ ಇರುತ್ತಾರೆ.

ಆದರೆ ಬೇರೆ ಊರಿನಲ್ಲಿ ಮನೆ ಹುಡುಕಿದಂತೆ ಇಲ್ಲಿ ಫೋಟೊ ನೋಡಿ ಒಪ್ಪಿಕೊಂಡರೆ ತೊಂದರೆಯಾಗುತ್ತದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹಾಗಾಗಿ ಇಲ್ಲಿ ಮನೆಯ ಬೆಲೆ ಕಟ್ಟಬೇಕಾದ್ದು ಸೋಫಾ, ಟಿವಿ ನೋಡಿ ಅಲ್ಲ, ನಲ್ಲಿ ತಿರುಗಿಸಿ. ಮುಂದಿನ ಹಂತಗಳಲ್ಲಿ ಐದನೆಯದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

1. ಯಾವ ಕೋಲಾರ, ಯಾವ ಬೀದಿ ಎಂದು ಮೊದಲು ಖಚಿತ ಮಾಡಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಆ್ಯಪ್‌ನಲ್ಲಿ "ಕೋಲಾರ" ಎಂದು ಹುಡುಕಿದರೆ ಮೂರು ಬೇರೆ ಬೇರೆ ಜಾಗದ ಮನೆಗಳು ಒಟ್ಟಿಗೆ ಬರುತ್ತವೆ. ಒಂದು ಕೋಲಾರ ಪಟ್ಟಣ. ಇನ್ನೊಂದು ಕೆಜಿಎಫ್, ಅಂದರೆ ಚಿನ್ನದ ಗಣಿಯ ಊರು. ಹೆಸರಿನಲ್ಲಿ ಕೋಲಾರ ಇದ್ದರೂ ಅದು ಪಟ್ಟಣದಿಂದ ಸುಮಾರು 30 ಕಿ.ಮೀ. ದೂರ. ಮೂರನೆಯದು ಬೆಂಗಳೂರು ಕಡೆಯಿಂದ ಬರುವಾಗ ಕೋಲಾರಕ್ಕೆ ಮುಂಚೆಯೇ ಸಿಗುವ ನರಸಾಪುರದ ಕೈಗಾರಿಕಾ ಪ್ರದೇಶ. ಅಲ್ಲಿನ ಹೊಸ ಫ್ಲ್ಯಾಟ್‌ಗಳು ಕಂಪನಿ ನೌಕರರಿಗೆಂದು ಕಟ್ಟಿದವು. ನೋಡಲು ಚೆಂದ, ಬಾಡಿಗೆಯೂ ಹಿತ. ಆದರೆ ಪೇಟೆಗೆ ಬಂದು ಹೋಗುವುದಕ್ಕೇ ದಿನದ ಅರ್ಧ ಕಳೆಯುತ್ತದೆ.

ವಿಳಾಸದ ಪಿನ್‌ಕೋಡ್ ನೋಡಿ. ಕೋಲಾರ ಪಟ್ಟಣದ್ದು 563101. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯದ್ದು 563122. ಅನುಮಾನವಿದ್ದರೆ ಮಾಲೀಕರಿಗೆ ಫೋನ್ ಮಾಡಿ "ಕ್ಲಾಕ್ ಟವರ್‌ನಿಂದ ನಡೆದುಕೊಂಡು ಬರಬಹುದಾ?" ಎಂದು ಕೇಳಿ. ಪೇಟೆಯವರಾದರೆ ತಕ್ಷಣ ದಾರಿ ಹೇಳುತ್ತಾರೆ.

ಹಳೆಯ ಊರಿನ ನಡುವೆ ಇರಬೇಕೆಂದರೆ ಕೋಟೆ, ಅಮ್ಮವಾರಿಪೇಟೆ, ದೊಡ್ಡಪೇಟೆಯ ಸುತ್ತ ಹುಡುಕಿ. ಸೋಮೇಶ್ವರ ಮತ್ತು ಕೋಲಾರಮ್ಮ ದೇವಾಲಯ ಎರಡಕ್ಕೂ ನಡೆದೇ ಹೋಗಬಹುದು, ಬಸ್ ನಿಲ್ದಾಣವೂ ದೂರವಲ್ಲ. ಗಲ್‌ಪೇಟೆ, ಕಠಾರಿಪಾಳ್ಯ, ಕುರುಬರಪೇಟೆಗಳಲ್ಲೂ ಹಳೆಯ ಮನೆಗಳಿವೆ. ಕಾರಿನಲ್ಲಿ ಬರುವವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಟೇಕಲ್ ರಸ್ತೆ, ಎಂ.ಬಿ. ರಸ್ತೆ ಕಡೆಯ ಹೊಸ ಬಡಾವಣೆಗಳೇ ಅನುಕೂಲ. ಟೊಮೆಟೊ ಸುಗ್ಗಿಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಎಪಿಎಂಸಿ ಮಾರುಕಟ್ಟೆಯ ಪಕ್ಕ ಮನೆ ಹಿಡಿಯಬೇಡಿ. ಲಾರಿಗಳ ಸದ್ದಿಗೆ ರಾತ್ರಿಯಿಡೀ ನಿದ್ದೆ ಇರುವುದಿಲ್ಲ.

2. ಮನೆಯ ಬಗೆ ಅರ್ಥ ಮಾಡಿಕೊಳ್ಳಿ

ಜಾಹೀರಾತಿನಲ್ಲಿ ಬರುವ ಪದಗಳು ಇಷ್ಟು:

ಹೋಮ್‌ಸ್ಟೇ: ಮಾಲೀಕರು ಅದೇ ಮನೆಯಲ್ಲೋ ಅದೇ ಕಾಂಪೌಂಡಿನಲ್ಲೋ ಇರುತ್ತಾರೆ. ಪ್ರವಾಸೋದ್ಯಮ ಇಲಾಖೆ ಇವುಗಳನ್ನು ನೋಂದಾಯಿಸಿಕೊಳ್ಳುತ್ತದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಸರ್ವಿಸ್ ಅಪಾರ್ಟ್‌ಮೆಂಟ್: ಮಂಚ, ಪಾತ್ರೆ, ಗ್ಯಾಸ್ ಸಮೇತ ದಿನದ ಲೆಕ್ಕದಲ್ಲಿ ಕೊಡುವ ಫ್ಲ್ಯಾಟ್. ಗುಡಿಸಿ ಒರೆಸುವ ಕೆಲಸ ಅವರದ್ದು.

ಪೋರ್ಷನ್: ದೊಡ್ಡ ಮನೆಯನ್ನು ಪಾಲು ಮಾಡಿ ಬೇರೆ ಬಾಗಿಲು ಇಟ್ಟ ಭಾಗ. ಬಾಡಿಗೆ ಕಡಿಮೆ. ಬಚ್ಚಲು, ಕಕ್ಕಸು ನಿಮಗೇ ಪ್ರತ್ಯೇಕವೋ ಹಂಚಿಕೊಳ್ಳಬೇಕೋ ಎಂಬುದನ್ನು ಮಾತ್ರ ಬಿಡಿಸಿ ಕೇಳಿ.

ದೇವಸ್ಥಾನದ ಗೋಪುರಕ್ಕೆ ಅಂಟಿಕೊಂಡಂತೆ ಲಿಫ್ಟ್ ಇರುವ ಹೊಸ ಅಪಾರ್ಟ್‌ಮೆಂಟ್ ಸಿಗಲಿ ಎಂದು ಹುಡುಕುವವರು ಬಹಳ. ಅದು ಸಿಗುವುದಿಲ್ಲ, ಕಾರಣವೂ ಇದೆ. ಸೋಮೇಶ್ವರ, ಕೋಲಾರಮ್ಮ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಾಲಯಗಳು. ಇಂಥ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. 2010ರ ತಿದ್ದುಪಡಿಯ ನಂತರ ಈ ನಿಯಮ ಇನ್ನೂ ಬಿಗಿಯಾಗಿದೆ. ಆದ್ದರಿಂದ ದೇವಸ್ಥಾನದ ಬುಡದಲ್ಲಿ ಸಿಗುವುದು ಹಳೆಯ ಮನೆ ಅಥವಾ ಅದರ ಮೇಲ್ಮಹಡಿ ಮಾತ್ರ: ಕಡಿದಾದ ಮೆಟ್ಟಿಲು, ತಗ್ಗಿದ ಬಾಗಿಲು, ದಪ್ಪ ಗೋಡೆ, ಮದ್ರಾಸ್ ತಾರಸಿ. ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಗಾರೆ ಹಾಕಿದ ಚಾವಣಿಗೆ ಮದ್ರಾಸ್ ತಾರಸಿ ಎನ್ನುತ್ತಾರೆ. ಬೇಸಿಗೆಯಲ್ಲಿ ಇದರ ಕೆಳಗೆ ತಂಪು, ಜೋರು ಮಳೆಯಲ್ಲಿ ಕೆಲವು ಕಡೆ ಸೋರುತ್ತದೆ. ಮಳೆಗಾಲದಲ್ಲಿ ಬರುವವರು ಚಾವಣಿಯ ಮೂಲೆಗಳ ಫೋಟೊ ಕೇಳಿ ನೋಡಿ. ಹಳದಿ ಕಲೆ ವೃತ್ತವಾಗಿ ಹರಡಿದ್ದರೆ ಅಲ್ಲಿ ನೀರು ಇಳಿಯುತ್ತಿದೆ.

ಮಂಡಿನೋವಿನವರು ಜೊತೆಗಿದ್ದರೆ ನೆಲಮಹಡಿ, ವೆಸ್ಟರ್ನ್ ಕಮೋಡ್, ಬಚ್ಚಲಿನ ಹೊಸ್ತಿಲಿನ ಎತ್ತರ ಮೂರನ್ನೂ ಕೇಳಿ. ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲ ಕಡೆ ಇರುವುದುಂಟು. ರಾತ್ರಿ ಎರಡು ಗಂಟೆಗೆ ಅಲ್ಲಿಗೆ ಹೋಗುವವರು ಯಾರು ಎಂದು ಮೊದಲೇ ಯೋಚಿಸಿ.

3. ದಿನ ಆರಿಸುವುದು

ಬಾಡಿಗೆ ಏರುವುದು ಇಳಿಯುವುದು ಪಂಚಾಂಗದ ಮೇಲೆ. ಆಷಾಢ ಮತ್ತು ಪುಷ್ಯ ಮಾಸದಲ್ಲಿ ಮದುವೆಗಳಿಲ್ಲ. ಆಗ ಚೌಕಾಸಿಗೆ ಜಾಗವಿರುತ್ತದೆ. ಮಾಘದಿಂದ ವೈಶಾಖದವರೆಗಿನ ಮುಹೂರ್ತದ ದಿನಗಳಲ್ಲಿ ಕಲ್ಯಾಣ ಮಂಟಪಗಳ ಸುತ್ತ ಒಂದು ಖಾಲಿ ಕೋಣೆಯೂ ಸಿಗುವುದು ಕಷ್ಟ. ಶಿವರಾತ್ರಿಗೆ ಅಂತರಗಂಗೆ ಮತ್ತು ಕೋಟಿಲಿಂಗೇಶ್ವರದಲ್ಲಿ, ವೈಕುಂಠ ಏಕಾದಶಿಗೆ ಬಂಗಾರು ತಿರುಪತಿ ಮತ್ತು ಚಿಕ್ಕತಿರುಪತಿಯಲ್ಲಿ ನೂಕುನುಗ್ಗಲು. ದರ್ಶನವೇ ಉದ್ದೇಶವಾದರೆ ಒಂದು ತಿಂಗಳು ಮುಂಚೆ ಮನೆ ಗೊತ್ತು ಮಾಡಿ, ಇಲ್ಲವಾದರೆ ಆ ದಿನ ತಪ್ಪಿಸಿ.

ಊಟದ ಕಣ್ಣಿನಿಂದ ನೋಡಿದರೆ ಡಿಸೆಂಬರ್, ಜನವರಿ ಬಹಳ ಒಳ್ಳೆಯ ಕಾಲ. ಸೊಗಡಿನ ಅವರೆಕಾಯಿ ಬೀದಿ ಬೀದಿಗೆ ಬರುತ್ತದೆ, ಚಳಿಯೂ ಹಿತವಾಗಿರುತ್ತದೆ. ಮಾವು ಬೇಕೆಂದರೆ ಮೇ ಕೊನೆಯಿಂದ ಜೂನ್. ಶ್ರೀನಿವಾಸಪುರದ ಹಣ್ಣು ಆಗ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ. ಆದರೆ ಏಪ್ರಿಲ್, ಮೇ ನೀರಿಗೆ ಅತಿ ಬಿಗಿಯಾದ ತಿಂಗಳುಗಳು.

4. ಹುಡುಕಾಟ ಮತ್ತು ಫೋನ್ ಮಾತು

ಆ್ಯಪ್‌ಗಳಲ್ಲಿ ಪೇಟೆಯೊಳಗಿನ ಮನೆಗಳು ಕಡಿಮೆ. ಹೆಚ್ಚಿನವು ಬಾಯಿಮಾತಿನಲ್ಲೇ ಸಿಗುತ್ತವೆ. ಮದುವೆಗೆ ಬರುವವರಾದರೆ ಕಲ್ಯಾಣ ಮಂಟಪದ ಮ್ಯಾನೇಜರನ್ನು ಕೇಳಿ, ಅತಿಥಿಗಳಿಗೆ ಮನೆ ಕೊಡುವವರ ನಂಬರ್ ಅವರಲ್ಲಿ ಇರುತ್ತದೆ. ಊರಲ್ಲಿ ನೆಂಟರಿದ್ದರೆ ಅವರು ಒಂದು ಸಲ ಹೋಗಿ ನೋಡಿ ಬರುವುದು ಎಲ್ಲಕ್ಕಿಂತ ಒಳ್ಳೆಯದು.

ಮಾಲೀಕರಿಗೆ ಫೋನ್ ಮಾಡಿದಾಗ ಮೊದಲ ಮಾತಿಗೇ ಬಾಡಿಗೆ ಎಷ್ಟು ಎಂದು ಕೇಳಬೇಡಿ. ಎಷ್ಟು ಜನ, ಎಷ್ಟು ರಾತ್ರಿ, ಯಾವ ಕಾರಣಕ್ಕೆ ಬರುತ್ತಿದ್ದೀರಿ ಎಂದು ನೀವೇ ಹೇಳಿ. ಕುಟುಂಬ ಎಂದು ಗೊತ್ತಾದ ಮೇಲೆ ಮಾತು ಸಲೀಸಾಗುತ್ತದೆ. ಆಮೇಲೆ ಹೀಗೆ ಕೇಳಿ:

"ಅಮ್ಮಾ, ನಲ್ಲೀಲಿ ಬರೋದು ಬೋರ್ ನೀರಾ, ನಗರಸಭೆ ನೀರಾ? ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ?"
"ಸಂಪು ಎಷ್ಟುದ್ದ ಎಷ್ಟಗಲ? ಮೇಲಿನ ಸಿಂಟೆಕ್ಸ್ ಎಷ್ಟು ಲೀಟರಿಂದು?"
"ಕರೆಂಟ್ ಹೋದ್ರೆ ಯುಪಿಎಸ್ ಇದ್ಯಾ? ಫ್ಯಾನ್ ಓಡುತ್ತಾ, ಬರೀ ಲೈಟಾ?"
"ಮನೇಲಿ ಮಾಂಸದಡುಗೆ ಮಾಡ್ಬಹುದಾ?"
"ಬಾಗಿಲವರೆಗೂ ಆಟೋ ಬರುತ್ತಾ?"

ಮಾಂಸದಡುಗೆಯ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬೇಡಿ. ಬಂದ ಮೇಲೆ ಒಲೆ ಮೇಲೆ ಸಾರು ಕುದಿಯುವಾಗ ಜಗಳವಾಗುವುದು ಯಾರಿಗೂ ಬೇಡ. ಜಾತಿ, ಧರ್ಮ ಕೇಳಿಯೇ ಮನೆ ಕೊಡುವವರು ಇನ್ನೂ ಇದ್ದಾರೆ. ಅವರ ಜೊತೆ ವಾದ ಮಾಡಿ ದಿನ ಕಳೆದುಕೊಳ್ಳಬೇಡಿ, ಸುಳ್ಳು ಹೇಳಿ ಮನೆ ಹಿಡಿಯಲೂಬೇಡಿ. ಮುಂದಿನ ನಂಬರಿಗೆ ಫೋನ್ ಮಾಡಿ.

ಕೊನೆಗೆ ವಿಡಿಯೊ ಕರೆ ಮಾಡಿಸಿ. ಬೀದಿಯಿಂದ ಶುರು ಮಾಡಿ ಮೆಟ್ಟಿಲು, ಬಚ್ಚಲು, ಅಡುಗೆಮನೆ ದಾಟಿ ತಾರಸಿವರೆಗೆ ನಿಲ್ಲಿಸದೆ ತೋರಿಸಲಿ. ಹಾಸಿಗೆಯ ಫೋಟೊ ಎಲ್ಲರೂ ಕಳಿಸುತ್ತಾರೆ, ಬಚ್ಚಲಿನದ್ದನ್ನು ಕೇಳಿದರೆ ಮಾತ್ರ ಕಳಿಸುತ್ತಾರೆ.

5. ನೀರಿನ ಲೆಕ್ಕ

ಮೊದಲು ಪ್ರಮಾಣ. ಸ್ನಾನಕ್ಕೆ ಒಂದು ದೊಡ್ಡ ಬಕೆಟ್ ಅಂದರೆ 20 ಲೀಟರ್. ಒಂದು ಸಲ ಫ್ಲಶ್ ಮಾಡಿದರೆ 6ರಿಂದ 10 ಲೀಟರ್. ಪಾತ್ರೆ, ಕೈಕಾಲು, ಅಲ್ಪಸ್ವಲ್ಪ ಬಟ್ಟೆ ಸೇರಿದರೆ ತಲೆಗೆ ದಿನಕ್ಕೆ 100 ಲೀಟರ್ ಇಟ್ಟುಕೊಳ್ಳಿ. ಆರು ಜನಕ್ಕೆ 600 ಲೀಟರ್. ತಾರಸಿ ಮೇಲೆ 500 ಲೀಟರಿನ ಟ್ಯಾಂಕ್ ಇದ್ದರೆ ಸಂಜೆಯೊಳಗೆ ಖಾಲಿ. ಆದ್ದರಿಂದ ಕೆಳಗಿನ ಸಂಪು, ಅಂದರೆ ನೆಲದೊಳಗಿನ ತೊಟ್ಟಿ, ಎಷ್ಟು ದೊಡ್ಡದು ಎಂಬುದೇ ನಿಜವಾದ ಪ್ರಶ್ನೆ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪು ಸುಮಾರು 4,200 ಲೀಟರ್. ತುಂಬಿದ್ದರೆ ಆರು ಜನ ಒಂದು ವಾರ ನಿರಾಳ. ಆದರೆ ಅದೇ ಸಂಪಿನಿಂದ ಕೆಳಮನೆಯವರೂ ನೀರೆತ್ತಿದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. "ಸಂಪು ನಮಗೆ ಮಾತ್ರವಾ?" ಎಂದು ಕೇಳಿ.

ನಗರಸಭೆಯ ನೀರು ದಿನವೂ ಬರುವುದಿಲ್ಲ. ನೀವು ಇರುವ ದಿನಗಳಲ್ಲಿ ನೀರು ಬಿಡುವ ದಿನ ಬೀಳುತ್ತದೋ ಇಲ್ಲವೋ ಮಾಲೀಕರಿಗೆ ಗೊತ್ತಿರುತ್ತದೆ. ಬೀಳದಿದ್ದರೆ ಟ್ಯಾಂಕರ್ ತರಿಸಬೇಕು. ಆ ದುಡ್ಡು ಯಾರದ್ದು ಎಂಬುದನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟರೆ ಮೂರನೇ ದಿನ ಬೆಳಿಗ್ಗೆ ಸಿಗುವ ಉತ್ತರ "ನೀವೇ ಜಾಸ್ತಿ ಖರ್ಚು ಮಾಡಿದ್ರಿ" ಎಂಬುದು.

ಇನ್ನು ಗುಣ. ಆಳದ ಬೋರ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಹೆಚ್ಚಿರುವುದರಿಂದ ಸೋಪು ನೊರೆಯಾಗುವುದಿಲ್ಲ, ತೊಗರಿಬೇಳೆ ಎಷ್ಟು ಸೀಟಿ ಹಾಕಿಸಿದರೂ ಕರಗುವುದಿಲ್ಲ. ಬೇಳೆ ಹಳೆಯದೆಂದು ಅಂಗಡಿಯವರನ್ನು ಬೈಯಬೇಡಿ. ನೆನೆಸುವುದು, ಬೇಯಿಸುವುದು ಎರಡನ್ನೂ ಕುಡಿಯುವ ನೀರಿನಲ್ಲೇ ಮಾಡಿದರೆ ಸರಿಯಾಗುತ್ತದೆ. ಅಕ್ಕಿಗೂ ಕಾಫಿಗೂ ಅದೇ ನೀರು ಬಳಸಿ.

ಕುಡಿಯುವ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸೈ ಎಂಬುದು ಭಾರತೀಯ ಮಾನಕ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಹಳ ಜನ ಮಾಡುವ ತಪ್ಪು ಏನೆಂದರೆ ಕುದಿಸಿ ಕುಡಿದರೆ ಆಯಿತು ಎಂದುಕೊಳ್ಳುವುದು. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್‌ಗೂ ಅದನ್ನು ತೆಗೆಯುವ ಶಕ್ತಿಯಿಲ್ಲ. ಆರ್‌ಒ ಯಂತ್ರ, ಅಂದರೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಯಂತ್ರ, ತೆಗೆಯುತ್ತದೆ. ಮೂರು ನಾಲ್ಕು ದಿನ ಬೋರ್ ನೀರು ಕುಡಿದ ಮಾತ್ರಕ್ಕೆ ಹಲ್ಲು, ಮೂಳೆ ಕೆಡುವುದಿಲ್ಲ, ಫ್ಲೋರೋಸಿಸ್ ವರ್ಷಗಟ್ಟಲೆ ಕುಡಿದವರಿಗೆ ಬರುವ ಕಾಯಿಲೆ. ಆದರೆ ಲವಣ ಹೆಚ್ಚಿರುವ ಹೊಸ ನೀರಿಗೆ ಹೊಟ್ಟೆ ಕೆಡುವುದುಂಟು, ಹಸುಗೂಸಿನ ಬಾಟಲಿಗಂತೂ ಆ ನೀರು ಬೇಡವೇ ಬೇಡ.

ಉಪಾಯ ಸುಲಭ. ಊರಿನ ಬಡಾವಣೆಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯವನ್ನೋ ಕಾರ್ಡನ್ನೋ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಮನೆಗೆ ಹತ್ತಿರದ ಘಟಕ ಎಲ್ಲಿದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಮಾಲೀಕರನ್ನು ಕೇಳಿ. ಐದು ಮತ್ತು ಹತ್ತು ರೂಪಾಯಿ ನಾಣ್ಯ ಹತ್ತಾರು ಜೊತೆಗಿಟ್ಟುಕೊಂಡು ಬನ್ನಿ. ಮನೆಯಲ್ಲಿ ಖಾಲಿ ಕ್ಯಾನ್ ಎರಡು ಇರಲಿ ಎಂದು ಹೇಳಿಡಿ. ಆರು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ ಒಂದೂವರೆ ಕ್ಯಾನ್ ಬೇಕು.

6. ಬಾಡಿಗೆಯ ನಿಜವಾದ ಮೊತ್ತ

ಕಡಿಮೆ ಬಾಡಿಗೆಯ ಮನೆ ಕೊನೆಗೆ ದುಬಾರಿಯಾಗುವುದು ಬಿಡಿ ಖರ್ಚುಗಳಿಂದ. ಲೆಕ್ಕ ತೋರಿಸಲು ಒಂದು ಉದಾಹರಣೆ ಹಾಕುತ್ತೇನೆ, ಅಂಕಿಗಳು ಕಾಲ್ಪನಿಕ. ಆರು ಜನ, ಮೂರು ರಾತ್ರಿ. ಮೊದಲ ಮನೆಯ ಬಾಡಿಗೆ ದಿನಕ್ಕೆ 1,800. ಮೂರು ದಿನಕ್ಕೆ 5,400. ಗುಡಿಸಿ ಒರೆಸುವುದಕ್ಕೆ 500, ಗ್ಯಾಸಿಗೆ 300, ಟ್ಯಾಂಕರ್ ನೀರಿಗೆ 700, ಹೆಚ್ಚುವರಿ ಹಾಸಿಗೆ ಎರಡಕ್ಕೆ 900. ಒಟ್ಟು 7,800. ಎರಡನೇ ಮನೆ ಎಲ್ಲ ಸೇರಿ ದಿನಕ್ಕೆ 2,200, ಒಟ್ಟು 6,600. ತಲೆಗೆ ಒಂದು ರಾತ್ರಿಗೆ ಮೊದಲನೆಯದು 433, ಎರಡನೆಯದು 367. ಮೊದಲ ಮನೆಯವರು ಜಾಹೀರಾತಿನಲ್ಲಿ ಹಾಕುವುದು 1,800 ಮಾತ್ರ. ಆದ್ದರಿಂದ "ಎಲ್ಲಾ ಸೇರಿ ಎಷ್ಟು?" ಎಂಬುದೊಂದೇ ಪ್ರಶ್ನೆ ಕೇಳಿ, ಯಾವುದು ಸೇರಿಲ್ಲ ಎಂಬ ಪಟ್ಟಿ ತೆಗೆದುಕೊಳ್ಳಿ.

ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಮಾಲೀಕರಿಂದ ನೇರವಾಗಿ ಹಿಡಿದರೆ ಆ ತೆರಿಗೆ ಇರುವುದಿಲ್ಲ. ಆ್ಯಪ್ ಮೂಲಕವಾದರೆ ಅಂಥವರ ಮನೆಗೂ ಆ್ಯಪ್‌ನವರೇ ತೆರಿಗೆ ಸೇರಿಸುತ್ತಾರೆ. ಅದರ ಮೇಲೆ ಅವರ ಸೇವಾಶುಲ್ಕ ಬೇರೆ. ನೇರವಾಗಿ ಹಿಡಿದರೆ ಅಗ್ಗ ಎನ್ನುವುದು ನಿಜ, ಆದರೆ ಮನೆ ಸರಿಯಿಲ್ಲದಿದ್ದರೆ ದುಡ್ಡು ವಾಪಸ್ ಕೇಳಲು ನಡುವೆ ಯಾರೂ ಇರುವುದಿಲ್ಲ. ಊರಲ್ಲಿ ಪರಿಚಯದವರು ಇಲ್ಲದಿದ್ದರೆ ಮೊದಲ ಸಲ ಆ್ಯಪ್ ಮೂಲಕವೇ ಹಿಡಿಯುವುದು ಮೇಲು.

7. ಮುಂಗಡ ಮತ್ತು ಗುರುತಿನ ಚೀಟಿ

ಮುಂಗಡವೆಂದು ಒಂದು ದಿನದ ಬಾಡಿಗೆ ಸಾಕು. ಪೂರ್ತಿ ದುಡ್ಡು ಮೊದಲೇ ಕಳಿಸಿ ಎಂದು ಅವಸರ ಮಾಡುವವರನ್ನು ಬಿಟ್ಟುಬಿಡಿ. ಯುಪಿಐನಲ್ಲಿ ಕಳಿಸುವ ಮುನ್ನ ಪರದೆಯಲ್ಲಿ ಕಾಣುವ ಹೆಸರು ಮಾಲೀಕರದ್ದೇ ಎಂದು ನೋಡಿಕೊಳ್ಳಿ. "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಮುಂಗಡ ವಾಪಸ್ ಬರುತ್ತೆ" ಎಂದರೆ ಅದು ಮೋಸ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ, ಬರುವುದಿಲ್ಲ. ಹಾಗೇನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಪ್ರತಿ ಕೊಡಿ. ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಪ್ರತಿಯ ಮೇಲೆ "ಕೋಲಾರದ ಮನೆ ಬಾಡಿಗೆಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬಂದ ನೆಂಟರಲ್ಲಿ ವಿದೇಶಿ ಪಾಸ್‌ಪೋರ್ಟ್ ಇರುವವರಿದ್ದರೆ ಮಾಲೀಕರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಎಷ್ಟೋ ಮಾಲೀಕರಿಗೆ ಇದು ಗೊತ್ತಿಲ್ಲ. ಮನೆ ಗೊತ್ತು ಮಾಡುವಾಗಲೇ ತಿಳಿಸಿ.

8. ಕೀಲಿ ಕೈಗೆ ಬಂದ ಮೇಲೆ ಮೊದಲ ಅರ್ಧ ಗಂಟೆ

ಸಾಮಾನು ಬಿಚ್ಚುವ ಮೊದಲು, ಮಾಲೀಕರು ಎದುರಿಗಿರುವಾಗಲೇ ಇವನ್ನು ನೋಡಿ.

ಎಲ್ಲ ನಲ್ಲಿ ತಿರುಗಿಸಿ, ಫ್ಲಶ್ ಎರಡು ಸಲ ಒತ್ತಿ. ಎರಡನೇ ಸಲ ನೀರು ತುಂಬದಿದ್ದರೆ ಮೇಲೆ ಟ್ಯಾಂಕ್ ಖಾಲಿ. ಮೋಟಾರ್ ಸ್ವಿಚ್ ಎಲ್ಲಿದೆ, ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕು ಎಂದು ಕೇಳಿಕೊಳ್ಳಿ. ಸಂಪು ಬತ್ತಿದಾಗ ಮೋಟಾರ್ ಹಾಕಿ ಮರೆತರೆ ಮೋಟಾರ್ ಸುಡುತ್ತದೆ, ಅದರ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಗೀಸರ್‌ನ ಪ್ಲಗ್ ನೋಡಿ. 2,000 ವ್ಯಾಟ್‌ನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ದಪ್ಪ ಮೂರು ಕಡ್ಡಿಯ 16 ಆಂಪಿಯರ್ ಸಾಕೆಟ್ ಇರಲೇಬೇಕು. ಹಳೆಯ ಮನೆಗಳಲ್ಲಿ ಫ್ಯಾನಿಗೆಂದು ಹಾಕಿದ 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಸಿಕ್ಕಿಸಿ ಗೀಸರ್ ಓಡಿಸುತ್ತಾರೆ. ಸಾಕೆಟ್ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಅದನ್ನು ಮುಟ್ಟಬೇಡಿ, ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಅರ್ತಿಂಗ್ ಇಲ್ಲ ಎಂದರ್ಥ. ಮೇನ್ ಸ್ವಿಚ್ ಆರಿಸಿ ಮಾಲೀಕರನ್ನು ಕರೆಯಿರಿ. ಕರೆಂಟಿನ ದೂರಿಗೆ ಬೆಸ್ಕಾಂ ಸಂಖ್ಯೆ 1912.

ಗ್ಯಾಸ್ ಸಿಲಿಂಡರ್ ಅಲ್ಲಾಡಿಸಿ ತೂಕ ನೋಡಿ. ಕೊಳವೆಯಲ್ಲಿ ಬಿರುಕಿದೆಯೇ ಎಂದು ಬಗ್ಗಿಸಿ ನೋಡಿ. ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. ಬಿ 27 ಎಂದಿದ್ದರೆ 2027ರ ಏಪ್ರಿಲ್ ಜೂನ್ ನಡುವೆ ಮರುಪರೀಕ್ಷೆ ಆಗಬೇಕು ಎಂದು. ಆ ಅವಧಿ ಮುಗಿದಿದ್ದರೆ ಬದಲಾಯಿಸಿ ಎನ್ನಿ.

ಅಡುಗೆಮನೆಯಲ್ಲಿ ಕುಕ್ಕರ್‌ನ ರಬ್ಬರ್ ಇದೆಯೇ, ಮಿಕ್ಸಿ ತಿರುಗುತ್ತದೆಯೇ ನೋಡಿ. ಮುದ್ದೆ ಕೋಲು ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಬೀರುವಿನಲ್ಲೇ ಉಳಿಯುತ್ತದೆ. ಚಾಕು, ಲೈಟರ್, ಪಾತ್ರೆ ತೊಳೆಯುವ ನಾರು ನೀವೇ ತನ್ನಿ.

ಆಮೇಲೆ ಗೋಡೆಯ ಬಿರುಕು, ಒಡೆದ ಕನ್ನಡಿ, ಕರೆಂಟ್ ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದು ಅಲ್ಲೇ ಮಾಲೀಕರ ವಾಟ್ಸ್‌ಆ್ಯಪ್‌ಗೆ ಕಳಿಸಿ.

9. ಪೇಟೆಯೊಳಗಿನ ದಿನಚರಿ

ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ದೊಡ್ಡ ಕಾರು ಹಳೆಪೇಟೆಯ ಗಲ್ಲಿಗಳಿಗೆ ಬರುವುದಿಲ್ಲ. ಬಂದರೂ ತಿರುಗಿಸಿಕೊಳ್ಳಲಾಗದು. ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಕೇಳಿ, ಸಾಮಾನಿಗೆ ಆಟೋ ಮಾಡಿ. ಬೇರೆಯವರ ಮನೆಬಾಗಿಲಿಗೆ ಅಡ್ಡ ನಿಲ್ಲಿಸಿದರೆ ಬೆಳಗಿನ ಐದಕ್ಕೇ ಕದ ತಟ್ಟುತ್ತಾರೆ, ಅದು ನ್ಯಾಯವೂ ಹೌದು.

ಪೇಟೆ ಬೇಗ ಏಳುತ್ತದೆ. ಮಸೀದಿಯ ಆಜಾನ್, ಗುಡಿಯ ಸುಪ್ರಭಾತ, ಹಾಲಿನ ಗಾಡಿ, ಸೊಪ್ಪಿನವರ ಕೂಗು ಎಲ್ಲ ನಸುಕಿನಲ್ಲೇ ಶುರು. ನಿದ್ದೆ ಸೂಕ್ಷ್ಮವಿರುವವರು ಬೀದಿ ಕಡೆಯ ಕೋಣೆ ಬೇಡವೆನ್ನಿ. ಕರಗ, ಉರುಸ್, ಗಣೇಶನ ಮೆರವಣಿಗೆಯ ರಾತ್ರಿಗಳಲ್ಲಿ ರಸ್ತೆ ಮುಚ್ಚುತ್ತಾರೆ. ಅಂದು ಊರು ಬಿಡುವ ಯೋಜನೆ ಇಟ್ಟುಕೊಳ್ಳಬೇಡಿ.

ಹಸಿಕಸ, ಒಣಕಸ ಬೇರೆ ಮಾಡಿ ಕಸದ ಗಾಡಿಗೇ ಕೊಡಿ. ಬೀದಿಯವರ ಜೊತೆ ಕನ್ನಡ ಸಾಕು. ಇಲ್ಲಿನವರು ತೆಲುಗು, ಉರ್ದು, ತಮಿಳಿಗೂ ಸಲೀಸಾಗಿ ಹೊರಳುತ್ತಾರೆ. ತುರ್ತಿಗೆ ಜಿಲ್ಲಾಸ್ಪತ್ರೆಯಾದ ಎಸ್‌ಎನ್‌ಆರ್ ಆಸ್ಪತ್ರೆ ಪಟ್ಟಣದಲ್ಲೇ ಇದೆ. ಟಮಕದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿದೆ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112.

10. ಮನೆ ಹಿಡಿದ ಮೇಲೆ ಏನೇನು ನೋಡಬಹುದು

ಮೊದಲ ದಿನ ನಡೆದೇ ನೋಡಿ. ವಿಜಯನಗರ ಕಾಲದ ಸೋಮೇಶ್ವರ ದೇವಾಲಯದ ಗೋಪುರ ಮತ್ತು ಕಲ್ಯಾಣ ಮಂಟಪದ ಕಂಬಗಳಿಗೆ ಒಂದು ಗಂಟೆಯಾದರೂ ಕೊಡಿ. ಕೋಲಾರಮ್ಮನ ಗುಡಿಯಲ್ಲಿ 11ನೇ ಶತಮಾನದ ಚೋಳರ ತಮಿಳು ಶಾಸನಗಳಿವೆ, ಚೇಳಮ್ಮನ ಸನ್ನಿಧಿಯೂ ಅಲ್ಲೇ. ಹೈದರಾಲಿಯ ತಂದೆ ಫತೇ ಮಹಮ್ಮದರ ಗೋರಿಯಿರುವ ಮಕ್ಬರಾ ಕೂಡ ಊರೊಳಗೇ ಇದೆ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆದ್ದರಿಂದ ಬೆಳಿಗ್ಗೆಯೇ ಹೊರಡಿ.

ಶತಶೃಂಗ ಬೆಟ್ಟದ ಅಂತರಗಂಗೆಗೆ ಬಿಸಿಲೇರುವ ಮುಂಚೆ ಹೋಗಿ. ಕಲ್ಲು ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯವರೆಗೆ ಮೆಟ್ಟಿಲಿದೆ. ಅದರಾಚೆಯ ಗುಹೆಗಳಿಗೆ ದಾರಿ ಗೊತ್ತಿರುವವರಿಲ್ಲದೆ ಇಳಿಯಬೇಡಿ. ಕೋತಿಗಳು ಕೈಚೀಲಕ್ಕೇ ಕೈ ಹಾಕುತ್ತವೆ, ತಿಂಡಿ ಹಿಡಿದುಕೊಂಡು ಹತ್ತಬೇಡಿ.

ಎರಡನೇ ದಿನ ಮುಳಬಾಗಿಲು ಕಡೆ: ಆಂಜನೇಯ, ಶ್ರೀಪಾದರಾಜರ ಮಠ, ಕುರುಡುಮಲೆ ಗಣಪತಿ, ಆವಣಿಯ ರಾಮಲಿಂಗೇಶ್ವರ. ಮಧ್ಯೆ ಮುಳಬಾಗಿಲು ದೋಸೆ ತಿನ್ನದೆ ಬರಬೇಡಿ. ಕುರುಡುಮಲೆ, ಆವಣಿಗೆ ಬಸ್ಸು ವಿರಳ, ಮುಳಬಾಗಿಲಿನಿಂದ ಆಟೋ ಮಾತಾಡಿಕೊಳ್ಳುವುದು ಒಳ್ಳೆಯದು. ಮೂರನೇ ದಿನ ಬಂಗಾರಪೇಟೆ, ಕೆಜಿಎಫ್, ಕಮ್ಮಸಂದ್ರದ ಕೋಟಿಲಿಂಗೇಶ್ವರ. ಚಿನ್ನದ ಗಣಿ 2001ರ ಫೆಬ್ರುವರಿ 28ರಂದೇ ಮುಚ್ಚಿದೆ. ಒಳಗೆ ಬಿಡುತ್ತಾರೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಬೆಂಗಳೂರಿನಿಂದ ಬರುವವರಿಗೆ ಮೆಜೆಸ್ಟಿಕ್‌ನಿಂದ ದಿನವಿಡೀ ಬಸ್ಸುಗಳಿವೆ. ರೈಲಿನಲ್ಲಾದರೆ ಚೆನ್ನೈ ಮಾರ್ಗದ ಬಂಗಾರಪೇಟೆಯಲ್ಲಿ ಇಳಿದು ಬಸ್ ಹತ್ತಿ. ಕೋಲಾರ ನಿಲ್ದಾಣಕ್ಕೆ ಬರುವ ರೈಲುಗಳು ಬೆರಳೆಣಿಕೆಯಷ್ಟು.

11. ಮನೆ ಬಿಡುವ ದಿನ

ಹಿಂದಿನ ರಾತ್ರಿಯೇ ಮಾಲೀಕರಿಗೆ ಹೊರಡುವ ಹೊತ್ತು ತಿಳಿಸಿ. ಕೀಲಿಯನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟು ಹೋಗಿ ಎಂದರೆ ಒಪ್ಪಬೇಡಿ. ಅವರೇ ಬಂದು ನೋಡಲಿ, ಡಿಪಾಸಿಟ್ ಕೊಟ್ಟಿದ್ದರೆ ಅಲ್ಲೇ ವಾಪಸ್ ಮಾಡಲಿ. ಮೊದಲ ದಿನ ಕಳಿಸಿದ ಫೋಟೊಗಳು ಈಗ ಕೆಲಸಕ್ಕೆ ಬರುತ್ತವೆ. ಮೀಟರಿನ ಅಂಕಿ ಇನ್ನೊಮ್ಮೆ ತೆಗೆಯಿರಿ. ರೆಗ್ಯುಲೇಟರ್, ಗೀಸರ್, ಮೋಟಾರ್ ಮೂರೂ ಆರಿಸಿದ್ದೀರಾ ನೋಡಿ, ಕಸ ಹೊರಗೆ ಹಾಕಿ, ಪಾತ್ರೆ ತೊಳೆದು ಬೋರಲು ಹಾಕಿ. ನೀರಿನ ಘಟಕದ ಕಾರ್ಡ್ ಮಾಲೀಕರದ್ದಾಗಿದ್ದರೆ ಜೇಬಿನಿಂದ ತೆಗೆದು ಕೀಲಿಯ ಜೊತೆಗೇ ಕೊಡಿ.